ಕೊನೆಮನೆಯ ವೋಲ್ಟೇಜ್

ನಮ್ಮೂರಿನ ಟಿ.ಸಿ., ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್, 63 ಕೆ.ವಿ.ಎ. ಸಾಮರ್ಥ್ಯದ್ದು. ಅದನ್ನು ಕಿತ್ತು 100 ಕೆ.ವಿ.ಎ.ಯದನ್ನು ಕೂರಿಸಬೇಕೆಂಬುದು ಊರಿನ ಬಹುಕಾಲದ ಬೇಡಿಕೆ. ಗ್ರಾಮಸಭೆಯ ಠರಾವು ಪುಸ್ತಕ ಬಿಡಿಸಿದರೆ ರಸ್ತೆ, ಸಂಕ, ಮಂಗನ ಕಾಟ, ಟಿ.ಸಿ. ಎಂಬ ನಾಲ್ಕು ವಿಷಯಗಳು ವರ್ಷ ವರ್ಷವೂ ಅದೇ ಅನುಕ್ರಮದಲ್ಲಿ ಸಿಗುತ್ತವೆ. ಮತ ಕೇಳಲು ಬಂದವರೆಲ್ಲ ಜಗುಲಿಯ ಮೇಲೆ ಕೂತು, ಕವಳ ಹಾಕಿ, ‘ಈ ಸಲ ಟಿ.ಸಿ. ದೊಡ್ಡದು ಮಾಡಿಸಿಕೊಡೋಣ’ ಎಂದು ಹೋಗಿದ್ದಾರೆ. ಆ ಬೇಡಿಕೆಯನ್ನು ಕೈಬಿಡುವಂತೆ ಊರನ್ನು ಒಪ್ಪಿಸಿದ್ದು ಹೇಗೆ, ಅದರ ಬದಲು ನಾವು ಕೇಳಿ ಪಡೆದದ್ದೇನು ಎಂಬುದನ್ನು ಬರೆಯುತ್ತಿದ್ದೇನೆ. ಇಂಥದೇ ತಕರಾರು ಘಟ್ಟದ ಮೇಲಿನ ಎಷ್ಟೋ ಊರುಗಳಲ್ಲಿ ಇರುವುದರಿಂದ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಶಿರಸಿಯಿಂದ ಹುಲೇಕಲ್ ಕಡೆಗೆ ಹೋಗಿ, ಡಾಂಬರು ಮುಗಿದ ಮೇಲೂ ಕೆಳಗಿಳಿಯುತ್ತ ಹೋದರೆ ನಮ್ಮ ಕೇರಿ ಸಿಗುತ್ತದೆ. ಬಯಲುಸೀಮೆಯ ಊರಿನಂತೆ ಮನೆಗೆ ಮನೆ ಅಂಟಿಕೊಂಡಿಲ್ಲ. ಕಣಿವೆಯ ನಡುವೆ ಉದ್ದಕ್ಕೆ ಅಡಿಕೆ ತೋಟ, ತೋಟದ ಅಂಚಿನಲ್ಲಿ ಇಲ್ಲೊಂದು ಅಲ್ಲೊಂದು ಮನೆ. ಟಿ.ಸಿ. ಇರುವುದು ಮೇಲ್ತುದಿಯಲ್ಲಿ, ಶಾಲೆಯ ಪಕ್ಕ. ಅಲ್ಲಿಂದ ಹೊರಟ, ಮನೆಗಳಿಗೆ ಕರೆಂಟು ಕೊಡುವ ಕಡಿಮೆ ವೋಲ್ಟೇಜಿನ ಎಲ್.ಟಿ. ಲೈನು ಮೇಲಿನಮನೆ, ನಡುವಿನಮನೆ, ಕೆರೆಮನೆಗಳನ್ನೆಲ್ಲ ಮುಟ್ಟಿಕೊಂಡು ಒಂದು ಕಿಲೋಮೀಟರಿಗಿಂತ ಹೆಚ್ಚು ದೂರ ನಡೆದು, ಹಳ್ಳದ ದಂಡೆಯ ಕೊನೆಮನೆಯಲ್ಲಿ ನಿಲ್ಲುತ್ತದೆ. ಅದು ಕೊನೆಮನೆ ಎಂಬ ಹೆಸರಿಗೆ ಕರೆಂಟಿನ ವಿಷಯದಲ್ಲಿಯೂ ತಕ್ಕಂತೆ ಇತ್ತು. ಸಂಜೆ ಏಳಕ್ಕೆ ಅಲ್ಲಿ ಮಿಕ್ಸರ್ ತಿರುಗುವುದಿಲ್ಲ, ಗುಂಯ್ ಎನ್ನುತ್ತದೆ. ಮೋಟಾರು ಸ್ಟಾರ್ಟರಿನಲ್ಲಿ ನಿಲ್ಲುವುದಿಲ್ಲ. ಬೆಳಗಿನ ಜಾವ ಮೂರಕ್ಕೆ ಎದ್ದು ತೋಟಕ್ಕೆ ನೀರು ಬಿಡುವುದು ಅವರಿಗೆ ರೂಢಿಯಾಗಿ ಹೋಗಿತ್ತು.

ಹಿಂದೆಲ್ಲ ವೋಲ್ಟೇಜ್ ಇಳಿದದ್ದು ಬಲ್ಬು ನೋಡಿದರೇ ತಿಳಿಯುತ್ತಿತ್ತು; ತಂತಿ ಕೆಂಪಾಗಿ ಮಿಣುಕುತ್ತಿತ್ತು. ಈಗಿನ ಎಲ್‌ಇಡಿ ಬಲ್ಬು 120 ವೋಲ್ಟ್ ಸಿಕ್ಕರೂ ಏನೂ ಆಗದವರಂತೆ ಬೆಳಗುತ್ತದೆ. ಹಾಗಾಗಿ ಮೇಲಿನಮನೆಯವರಿಗೆ ಕೆಳಗಿನವರ ಗೋಳು ಕಾಣುವುದೇ ಇಲ್ಲ. ‘ದೀಪ ಉರಿಯುತ್ತಿದೆಯಲ್ಲ, ಮತ್ತೇನು’ ಎನ್ನುತ್ತಾರೆ.

ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿ ಹೊರ ಜಿಲ್ಲೆಯ ಕಾರ್ಖಾನೆಯೊಂದರಲ್ಲಿ ಮೋಟಾರು, ಕೇಬಲ್ಲುಗಳ ನಡುವೆ ಇದ್ದವನು. ಅಪ್ಪನ ಮಂಡಿನೋವು ತೋಟಕ್ಕೆ ಇಳಿಯಲು ಬಿಡದೆ ಹೋದಾಗ ಊರಿಗೆ ಬಂದೆ. ಬಂದ ಮೇಲೆ ಊರಿನ ಮಿಕ್ಸರ್, ಪಂಪು, ಇನ್ವರ್ಟರುಗಳ ವೈದ್ಯಕೀಯವೆಲ್ಲ ನನ್ನ ಪಾಲಿಗೆ ಬಂತು. ಕೊನೆಮನೆಯ ಮೋಟಾರಿನ ವೈಂಡಿಂಗ್ ಮತ್ತೊಮ್ಮೆ ಸುಟ್ಟು, ಶಿರಸಿಯ ಅಂಗಡಿಯಿಂದ ಕಟ್ಟಿಸಿ ತಂದ ಭಾವ, ‘ತಮ್ಮಾ, ಈ ಸಲ ನೀನೇ ಒಂದು ಅರ್ಜಿ ಬರೆ. 100ರ ಟಿ.ಸಿ. ಬೇಕು ಎಂದು ಗಟ್ಟಿಯಾಗಿ ಬರೆ’ ಎಂದ. ಬರೆಯುವ ಮೊದಲು ಅಳೆದು ನೋಡೋಣ ಎಂದೆ.

ಅಳೆಯುವುದಕ್ಕೆ ದೊಡ್ಡ ಸಲಕರಣೆಯೇನೂ ಬೇಕಾಗಲಿಲ್ಲ. ನಮ್ಮಲ್ಲಿ ಹೆಚ್ಚುಕಡಿಮೆ ಪ್ರತಿ ಮನೆಯಲ್ಲೂ ಫ್ರಿಜ್ಜಿಗೋ ಟಿ.ವಿ.ಗೋ ಒಂದು ಸ್ಟೆಬಿಲೈಸರ್ ಇದೆ. ಅದರ ಹಣೆಯ ಮೇಲೆ ಒಳಬರುವ ವೋಲ್ಟೇಜಿನ ಅಂಕಿ ಕೆಂಪಗೆ ಉರಿಯುತ್ತಿರುತ್ತದೆ. ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಸಂಜೆ ಏಳೂವರೆಗೆ ಸರಿಯಾಗಿ ಆ ಅಂಕಿಯ ಫೋಟೋ ಹಾಕಿ ಎಂದು ಕೇಳಿಕೊಂಡೆ. ಮೊದಲ ಸಂಜೆ ಶುಭ ಸಂಜೆಯ ಹೂವಿನ ಚಿತ್ರಗಳ ನಡುವೆ ನಾಲ್ಕಾರು ಅಂಕಿಗಳು ಬಂದವು. ಆಮೇಲೆ ಜನಕ್ಕೆ ರುಚಿ ಹತ್ತಿತು. ಎಲ್ಲರಿಗಿಂತ ಶಿಸ್ತಿನ ಲೆಕ್ಕ ಕೊಟ್ಟವರು ಕೊನೆಮನೆ ಅತ್ತಿಗೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಡೇರಿಗೆ ಹಾಕಿದ ಹಾಲಿನ ಲೆಕ್ಕದ ಕೆಳಗೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆಯ ವೋಲ್ಟೇಜನ್ನೂ ಬರೆಯತೊಡಗಿದರು. ಸಂಜೆಯ ಅಂಕಣದಲ್ಲಿ 168, 171, 165 ಎಂದಿದ್ದದ್ದು ಬೆಳಗಿನ ಜಾವ ಭಾವ ಎದ್ದ ಹೊತ್ತಿಗೆ 226 ಆಗಿರುತ್ತಿತ್ತು.

ಇಷ್ಟಾದ ಮೇಲೆ ಲೈನ್‌ಮ್ಯಾನನ್ನು ಹಿಡಿದೆ. ಈಗ ಅವರ ಹುದ್ದೆಗೆ ಪವರ್‌ಮ್ಯಾನ್ ಎಂಬ ಹೆಸರು, ಊರಿನವರಿಗೆ ಲೈನ್‌ಮ್ಯಾನೇ. ಒಂದು ಸಂಜೆ ಬಂದು ಟಿ.ಸಿ.ಯ ಕೆಳಗೆ ಟಾಂಗ್ ಟೆಸ್ಟರ್ ಹಿಡಿದು ಮೂರೂ ಫೇಸಿನ, ಅಂದರೆ ಕರೆಂಟು ಒಯ್ಯುವ ಮೂರೂ ತಂತಿಯ, ಆಂಪಿಯರ್ ಓದಿದರು. ಒಂದರಲ್ಲಿ 70, ಇನ್ನೊಂದರಲ್ಲಿ 31, ಮತ್ತೊಂದರಲ್ಲಿ 22. ಅದೇ ಹೊತ್ತಿಗೆ ಟಿ.ಸಿ. ಬುಡದಲ್ಲಿ ವೋಲ್ಟೇಜ್ 228.

ಈ ನಾಲ್ಕು ಅಂಕಿಗಳೇ ಸಾಕಾಗಿದ್ದವು. 63 ಕೆ.ವಿ.ಎ. ಟಿ.ಸಿ. ಪ್ರತಿ ಫೇಸಿಗೆ ಸುಮಾರು 84 ಆಂಪಿಯರ್ ಕೊಡಬಲ್ಲದು. ಅತಿ ಹೆಚ್ಚು ಹೊರೆಯ ಫೇಸಿನಲ್ಲೂ ಅದಕ್ಕಿನ್ನೂ ಉಸಿರಿತ್ತು. ಟಿ.ಸಿ.ಯ ಬುಡದಲ್ಲಿ 228 ಇರುವುದು ಕೊನೆಮನೆಗೆ ಬರುವಾಗ 168 ಆಗುತ್ತದೆ ಎಂದರೆ ನಡುವಿನ 60 ವೋಲ್ಟನ್ನು ತಿಂದದ್ದು ತಂತಿ. ಟಿ.ಸಿ.ಯನ್ನು 100ಕ್ಕಲ್ಲ, 250ಕ್ಕೆ ಏರಿಸಿದರೂ ಆ ತಂತಿಯ ಹಸಿವೇನೂ ಕಡಿಮೆಯಾಗುವುದಿಲ್ಲ.

ನಮ್ಮ ಲೈನಿನ ತಂತಿ ವೀಸಲ್. ಈ ಅಲ್ಯೂಮಿನಿಯಂ ತಂತಿಗಳಿಗೆ ಪ್ರಾಣಿಗಳ ಹೆಸರಿಟ್ಟಿದ್ದಾರೆ: ಸಣ್ಣದು ಸ್ಕ್ವಿರಲ್, ಅದಕ್ಕಿಂತ ದಪ್ಪ ವೀಸಲ್, ಇನ್ನೂ ದಪ್ಪ ರ‍್ಯಾಬಿಟ್. ವೀಸಲ್ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 0.93 ಓಮ್. ಒಂದು ಕಿಲೋಮೀಟರ್ ಉದ್ದಕ್ಕೆ 30 ಆಂಪಿಯರ್ ಹರಿಯಿತು ಎನ್ನಿ. ಹೋಗುವ ತಂತಿಯಲ್ಲಿ 28 ವೋಲ್ಟ್ ಹೋಯಿತು. ವಾಪಸ್ ಬರುವ ನ್ಯೂಟ್ರಲ್‌ನಲ್ಲಿ ಇನ್ನೊಂದು 28. ಅದು ವೋಲ್ಟೇಜಿನ ಮಾತು. ಶಕ್ತಿಯ ಲೆಕ್ಕ ಮಾಡಿದರೆ ಎರಡೂ ತಂತಿ ಸೇರಿ ಸುಮಾರು 1,670 ವ್ಯಾಟ್ ಬರೀ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಟಿ.ಸಿ.ಯ ತುದಿಯಿಂದ ಹೊರಟದ್ದು 6,800 ವ್ಯಾಟ್. ಅದರಲ್ಲಿ ನಾಲ್ಕನೇ ಒಂದು ಪಾಲು ದಾರಿಯಲ್ಲೇ ಖರ್ಚು. ದಿನಕ್ಕೆ ಐದು ತಾಸು ಹೀಗೆ ಹರಿದರೆ ಎಂಟು ಯೂನಿಟ್‌ಗೂ ಹೆಚ್ಚು. ಒಂದು ಸಾಧಾರಣ ಮನೆ ಎರಡು ದಿನ ಬಳಸುವಷ್ಟು ಕರೆಂಟು ಪ್ರತಿ ಸಂಜೆ ಅಡಿಕೆ ಮರದ ತಲೆಯ ಮೇಲೆ ಆವಿಯಾಗುತ್ತಿತ್ತು, ಯಾರ ಮೀಟರಿನಲ್ಲೂ ದಾಖಲಾಗದೆ.

ದೇವಸ್ಥಾನದ ಚಂದ್ರಶಾಲೆಯಲ್ಲಿ ಊರಿನವರನ್ನು ಕೂರಿಸಿ ಇದನ್ನೆಲ್ಲ ಹೇಳಿದೆ. ಓಮ್, ಆಂಪಿಯರ್ ಎಂದಾಗ ಅರ್ಧ ಜನ ಎದ್ದು ಹೋಗುವ ಸೂಚನೆ ಕಂಡಿತು. ಆಗ ಸ್ಪ್ರಿಂಕ್ಲರಿನ ಮಾತಿಗೆ ಬಂದೆ. ಗುಡ್ಡದ ಮೇಲಿನ ಟ್ಯಾಂಕಿನಿಂದ ಸಣ್ಣ ಪೈಪಿನಲ್ಲಿ ತೋಟದ ಕೊನೆಯವರೆಗೆ ನೀರು ಒಯ್ದರೆ ಕೊನೆಯ ಜೆಟ್ಟು ತಿರುಗುವುದಿಲ್ಲ. ಅದಕ್ಕೆ ಅದೇ ಜಾಗದಲ್ಲಿ, ಅದೇ ಎತ್ತರಕ್ಕೆ ಇನ್ನೂ ದೊಡ್ಡ ಟ್ಯಾಂಕು ಕಟ್ಟಿಸಿ ಪೈಪು ಹಾಗೆಯೇ ಬಿಟ್ಟರೆ ಜೆಟ್ಟು ತಿರುಗೀತೇ? ಕೆರೆಮನೆ ಅಜ್ಜ ಕವಳ ಉಗಿದು ಬಂದು ಹೇಳಿದರು, ‘ತಿರುಗುವುದಿಲ್ಲ. ಆದರೆ ಟ್ಯಾಂಕು ಕಟ್ಟಿಸಿದವನ ಹೆಸರು ಕಲ್ಲಿನ ಮೇಲೆ ಬರುತ್ತದೆ.’ ಆಮೇಲೆ 100 ಕೆ.ವಿ.ಎ. ಮಾತನ್ನು ಯಾರೂ ಎತ್ತಲಿಲ್ಲ.

ಬೇಕಾದದ್ದು ಕೆರೆಯ ಹತ್ತಿರ, ಪಂಪುಗಳೂ ಕೆಳಗಿನ ಮನೆಗಳೂ ಇರುವಲ್ಲಿ, 25 ಕೆ.ವಿ.ಎ.ಯ ಸಣ್ಣದೊಂದು ಟಿ.ಸಿ. ಅಲ್ಲಿಯವರೆಗೆ 11 ಕೆ.ವಿ. ಲೈನನ್ನೇ ಒಯ್ಯಬೇಕು. 25 ಕೆ.ವಿ.ಎ. ಪೂರ್ತಿ ಹೇರಿದರೂ 11 ಕೆ.ವಿ. ತಂತಿಯಲ್ಲಿ ಹರಿಯುವುದು 1.3 ಆಂಪಿಯರ್; ಅದೇ ಹೊರೆಯನ್ನು ಎಲ್.ಟಿ.ಯಲ್ಲಿ ಒಯ್ದರೆ 33 ಆಂಪಿಯರ್. ನಷ್ಟ ಆಂಪಿಯರಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದೇ ತಂತಿಯಲ್ಲಿ ಅದೇ ದೂರಕ್ಕೆ ಲೆಕ್ಕ ಹಾಕಿದರೆ ಆರುನೂರೈವತ್ತು ಪಟ್ಟಿನ ಆಸುಪಾಸಿನ ವ್ಯತ್ಯಾಸ. ಹೆಚ್ಚು ವೋಲ್ಟೇಜಿನ ಎಚ್.ಟಿ. ಲೈನು ಉದ್ದವಾಗಿ, ಎಲ್.ಟಿ. ಗಿಡ್ಡವಾಗಿ ಇರಬೇಕು ಎಂಬುದು ವಿತರಣೆಯ ಎಂಜಿನಿಯರುಗಳಿಗೆಲ್ಲ ಗೊತ್ತಿರುವ ಸೂತ್ರ. ಮಲೆನಾಡಿನಲ್ಲಿ ಮನೆಗೆ ಕರೆಂಟು ಕೊಡುವ ಅವಸರದಲ್ಲಿ ಆ ಸೂತ್ರ ತಲೆಕೆಳಗಾಗಿದೆ. ಒಂದು ಟಿ.ಸಿ. ಇಟ್ಟು, ಮನೆ ಹೆಚ್ಚಿದಂತೆಲ್ಲ ಒಂದೊಂದು ಕಂಬ ಮುಂದೆ ನೆಟ್ಟುಕೊಂಡು ಹೋದರೆ ಆಗುವುದೇ ಹೀಗೆ.

ಅರ್ಜಿ ಹಿಡಿದು ವಿದ್ಯುತ್ ಕಂಪನಿಯ ಶಾಖಾ ಕಚೇರಿಗೆ ಹೋದಾಗ ಅಲ್ಲಿ ಹೊಸದಾಗಿ ಬಂದ ಎಂಜಿನಿಯರ್ ಮೇಡಂ ಇದ್ದರು, ರಾಯಚೂರು ಕಡೆಯವರು. ಅರ್ಜಿಗಿಂತ ಅದಕ್ಕೆ ಅಂಟಿಸಿದ್ದ ಕ್ಯಾಲೆಂಡರಿನ ಹಾಳೆಗಳನ್ನು ಹೆಚ್ಚು ಹೊತ್ತು ನೋಡಿದರು. ಎಲ್.ಟಿ.ಯಲ್ಲಿ ಶೇ. 6ರಷ್ಟು ಏರಿಳಿತಕ್ಕೆ ಅವಕಾಶವಿದೆ, ಅಂದರೆ 230ಕ್ಕೆ 216ರವರೆಗೆ. ನಿಮ್ಮದು ಅದಕ್ಕಿಂತ ಎಷ್ಟೋ ಕೆಳಗಿದೆ ಎಂದು ಒಪ್ಪಿದರು. ‘ಆದರೆ ಟಿ.ಸಿ. ಕೇಳುವ ಮೊದಲು ದುಡ್ಡಿಲ್ಲದೆ ಆಗುವ ಕೆಲಸ ಮಾಡೋಣ. ನಿಮ್ಮ ಒಂದು ಫೇಸಿನಲ್ಲಿ 70, ಇನ್ನೊಂದರಲ್ಲಿ 22 ಯಾಕಿದೆ, ಮೊದಲು ಅದನ್ನು ಹೇಳಿ’ ಎಂದರು.

ಅದರ ಹಿಂದೆ ದೊಡ್ಡ ಪುರಾಣವೇ ಇತ್ತು. ಎಂದೋ ಒಂದು ಬೇಸಿಗೆಯಲ್ಲಿ ಒಂದು ಫೇಸು ಚೆನ್ನಾಗಿ ಬರುತ್ತಿದೆ ಎಂದು ಒಂದು ಮನೆಯವರು ಕಂಬದಿಂದ ಮನೆಗೆ ಬರುವ ತಮ್ಮ ಸರ್ವಿಸ್ ತಂತಿಯನ್ನು ಅದಕ್ಕೆ ಹಾಕಿಸಿಕೊಂಡರು. ಅವರನ್ನು ನೋಡಿ ಪಕ್ಕದವರು. ಮೂರು ಫೇಸ್ ಇರುವವರು ಮನೆಯೊಳಗೇ ಒಂದು ಬದಲಾವಣೆ ಸ್ವಿಚ್ಚು ಇಟ್ಟುಕೊಂಡು, ಯಾವುದು ಚೆನ್ನಾಗಿದೆಯೋ ಅದಕ್ಕೆ ತಿರುವುತ್ತಿದ್ದರು. ಹೀಗೆ ಊರಿಗೆ ಊರೇ ‘ಒಳ್ಳೆಯ ಫೇಸಿ’ನ ಮೇಲೆ ಬಂದು ಕೂತಿತ್ತು, ಅದು ಎಂದೋ ಕೆಟ್ಟ ಫೇಸಾಗಿತ್ತು. ಮೂರೂ ಫೇಸಿಗೆ ಹೊರೆ ಸಮನಾಗಿ ಹಂಚಿದರೆ ನ್ಯೂಟ್ರಲ್ ತಂತಿ ಹೆಚ್ಚುಕಡಿಮೆ ಖಾಲಿ ಇರುತ್ತದೆ. ಎಲ್ಲ ಹೊರೆಯನ್ನೂ ಒಂದೇ ಫೇಸಿಗೆ ಹೇರಿದರೆ, ನ್ಯೂಟ್ರಲ್ ಕೂಡ ಅಷ್ಟೇ ದಪ್ಪದ್ದಾಗಿದ್ದಲ್ಲಿ, ತಂತಿಯ ನಷ್ಟ ಸಮನಾಗಿ ಹಂಚಿದ್ದಕ್ಕಿಂತ ಆರು ಪಟ್ಟು. ನಮ್ಮದು ಅಷ್ಟು ಅತಿರೇಕದ್ದಲ್ಲ, ಆದರೆ ಅದೇ ದಾರಿಯಲ್ಲಿತ್ತು.

ಮನೆಗಳನ್ನು ಬೇರೆ ಬೇರೆ ಫೇಸಿಗೆ ಹಂಚುವ ದಿನ ಊರಿನಲ್ಲಿ ಭೂಮಿ ಪಾಲು ಮಾಡುವಾಗಿನಷ್ಟೇ ಮಾತುಕತೆ ಆಯಿತು. ‘ನಮ್ಮ ಫೇಸು ಮುಟ್ಟಬೇಡಿ, ಅಪ್ಪನ ಕಾಲದಿಂದ ಅದರಲ್ಲೇ ಇದ್ದೇವೆ’ ಎಂದವರೂ ಇದ್ದರು. ಮೇಡಂ ಯಾರ ಜೊತೆಗೂ ವಾದಕ್ಕಿಳಿಯದೆ, ಟಾಂಗ್ ಟೆಸ್ಟರಿನ ಅಂಕಿಯನ್ನು ತೋರಿಸಿ ಮುಂದಿನ ಕಂಬಕ್ಕೆ ನಡೆಯುತ್ತಿದ್ದರು. ಕಾಲಿಗೆ ಉಂಬಳ ಹತ್ತಿದ್ದನ್ನು ಮೊದಲ ಸಲ ಕಂಡಾಗ ಮಾತ್ರ ಕಿರುಚಿದ್ದು.

ಸ್ಟೆಬಿಲೈಸರಿನ ಕತೆಯೂ ಇಂಥದೇ. ಕೊನೆಮನೆಗೆ 168 ಬಂದರೆ ಅದನ್ನು 220 ಮಾಡಿ ಫ್ರಿಜ್ಜಿಗೆ ಕೊಡುವ ಪೆಟ್ಟಿಗೆ ಆ ಹೆಚ್ಚುವರಿಯನ್ನು ಆಕಾಶದಿಂದ ತರುವುದಿಲ್ಲ. ಲೈನಿನಿಂದ ಹೆಚ್ಚು ಆಂಪಿಯರ್ ಎಳೆಯುತ್ತದೆ. ಆಂಪಿಯರ್ ಹೆಚ್ಚಿದರೆ ತಂತಿಯಲ್ಲಿ ವೋಲ್ಟೇಜ್ ಇನ್ನೂ ಬೀಳುತ್ತದೆ, ಪಕ್ಕದ ಮನೆಯವರೂ ಒಂದು ಸ್ಟೆಬಿಲೈಸರ್ ತರುತ್ತಾರೆ. ಮೋಟಾರುಗಳ ಸ್ವಭಾವವೂ ಅದೇ: ವೋಲ್ಟೇಜ್ ಇಳಿದಷ್ಟೂ ಹೊರೆ ಹೊರಲು ಹೆಚ್ಚು ಆಂಪಿಯರ್ ಕುಡಿದು, ತನ್ನ ವೈಂಡಿಂಗನ್ನೂ ಸುಟ್ಟುಕೊಂಡು, ಲೈನನ್ನೂ ಕೆಡಿಸುತ್ತವೆ. ಊರಿನವರು ಸ್ಟೆಬಿಲೈಸರಿಗೆ, ಮೋಟಾರು ಕಟ್ಟಿಸುವುದಕ್ಕೆ ಸುರಿದ ಹಣವನ್ನು ಕೂಡಿಸಿ ನೋಡುವ ಧೈರ್ಯ ನನಗೆ ಬರಲಿಲ್ಲ.

ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ರಾತ್ರಿ ಲೈನು ನೋಡಲು ಹೋದದ್ದು. ಅದು ಲೈನ್‌ಮ್ಯಾನರ ಉಪಾಯ. ಅಮಾವಾಸ್ಯೆಯ ಹತ್ತಿರದ ಒಂದು ಸಂಜೆ, ಎಲ್ಲರ ಮನೆಯಲ್ಲೂ ಪೂರ್ತಿ ಹೊರೆ ಇರುವ ಹೊತ್ತಿನಲ್ಲಿ, ಟಾರ್ಚು ಆರಿಸಿಕೊಂಡು ಲೈನಿನ ಕೆಳಗೆ ನಡೆದೆವು. ನಡುವಿನಮನೆಯ ಕಂಬದ ತುದಿಯಲ್ಲಿ, ಲೈನಿಗೆ ತಂತಿ ಜೋಡಿಸಿ ಜಂಪ್ ಕಟ್ಟಿದ ಜಾಗದಲ್ಲಿ ಬೀಡಿಯ ತುದಿಯಷ್ಟು ಕೆಂಪು ಕಾಣಿಸಿತು. ಒಂದು ಗಾಳಿ ಬೀಸಿದಾಗ ಚಿಟ್ ಎಂದು ನೀಲಿ ಕಿಡಿ. ‘ನೋಡಿ, ಅಲ್ಲಿ ಒಂದು ಹೀಟರ್ ಇಟ್ಟಿದ್ದಾರೆ, ಬಿಲ್ಲು ಮಾತ್ರ ಯಾರಿಗೂ ಇಲ್ಲ’ ಎಂದರು ಅವರು. ಅಂಥ ಕೆಂಪು ಚುಕ್ಕೆಗಳು ಇನ್ನೂ ಕೆಲವು ಸಿಕ್ಕವು.

ಮರುದಿನ ಲೈನಿನ ಕರೆಂಟು ನಿಲ್ಲಿಸಿದ ಖಾತ್ರಿಯ ಎಲ್.ಸಿ. ಪಡೆದು, ಎರಡೂ ಕಡೆ ಅರ್ಥಿಂಗ್ ರಾಡ್ ಹಾಕಿ ಕಂಬ ಹತ್ತಿದರು. ಅದಕ್ಕೂ ಮೊದಲು ಮನೆ ಮನೆಗೆ ಹೋಗಿ ಜನರೇಟರಿನ ಬದಲಾವಣೆ ಸ್ವಿಚ್ಚು ಸರಿಯಿದೆಯೇ ಎಂದು ನೋಡಿ ಬಂದರು. ಲೈನು ಸತ್ತಿದೆ ಎಂದುಕೊಂಡು ಹತ್ತಿದವನಿಗೆ ಯಾರದೋ ಮನೆಯ ಜನರೇಟರ್ ಹಿಂದಿನಿಂದ ಕರೆಂಟು ಕಳಿಸಿದರೆ ಆ ಮನುಷ್ಯ ಕೆಳಗಿಳಿಯುವುದಿಲ್ಲ. ಬಿಚ್ಚಿ ತಂದ ಒಂದು ಜಂಪನ್ನು ನನ್ನ ಕೈಗೆ ಕೊಟ್ಟರು. ಅಲ್ಯೂಮಿನಿಯಂ ಲೈನಿಗೆ ತಾಮ್ರದ ಸರ್ವಿಸ್ ತಂತಿಯನ್ನು ಇಕ್ಕಳದಿಂದ ಸುತ್ತಿದ್ದರು, ಅಷ್ಟೇ. ಸುತ್ತಿನೊಳಗೆ ಬೂದಿಯಂಥ ಬಿಳಿ ಪುಡಿ, ತಾಮ್ರದ ಮೇಲೆ ಹಸಿರು ಕಿಲುಬು. ಏಳು ಎಳೆಯ ತಂತಿಯಲ್ಲಿ ಮೂರು ಅಲ್ಯೂಮಿನಿಯಂ ಎಳೆ ಕರಗಿ ಗುಂಡಗಾಗಿದ್ದವು. ತಾಮ್ರ, ಅಲ್ಯೂಮಿನಿಯಂ ಎರಡನ್ನೂ ನೇರ ಜೋಡಿಸಿ ಮಳೆಗೆ ಬಿಟ್ಟರೆ ಅಲ್ಯೂಮಿನಿಯಂ ಸವೆಯುತ್ತದೆ. ಅದರ ಮೈಮೇಲೆ ಕಟ್ಟುವ ಆಕ್ಸೈಡ್ ಪದರ ಕರೆಂಟನ್ನು ಬಿಡುವುದಿಲ್ಲ, ಹಾಗಾಗಿ ಸೇರಿಕೆ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಪದರ ಬೆಳೆಯುತ್ತದೆ. ಆ ಜಾಗಕ್ಕೆ ಎರಡು ಲೋಹಕ್ಕೂ ಹೊಂದುವ ಕ್ಲಾಂಪು ಹಾಕಿ, ತಂತಿ ಉಜ್ಜಿ, ಗ್ರೀಸ್ ಸವರಿ ಬಿಗಿದರು. ಟಿ.ಸಿ.ಯ ಫ್ಯೂಸ್ ಕಟ್‌ಔಟಿನಲ್ಲಿ ಫ್ಯೂಸ್ ತಂತಿಯ ಬದಲು ಅಲ್ಯೂಮಿನಿಯಂ ಎಳೆಗಳ ಕಂತೆ ಇತ್ತು, ಅದನ್ನೂ ತೆಗೆಸಿದರು. ಲೈನಿಗೆ ತಾಗುತ್ತಿದ್ದ ಕೊಂಬೆಗಳನ್ನು ಊರಿನವರೇ ಕಡಿದುಕೊಟ್ಟೆವು. ಮಳೆಗಾಲದಲ್ಲಿ ಒದ್ದೆ ಹಲಸಿನ ಸೊಪ್ಪು ಲೈನಿಗೆ ಒರೆಸುತ್ತಿದ್ದರೆ ಫ್ಯೂಸು ಹೋಗದೆಯೂ ಕರೆಂಟು ಸಣ್ಣಗೆ ನೆಲಕ್ಕೆ ಸೋರುತ್ತಲೇ ಇರುತ್ತದೆ.

ಫೇಸು ಹಂಚಿ, ಜಂಪು ಬಿಗಿದ ಮೇಲೆ ಕೊನೆಮನೆಯ ಸಂಜೆಯ ಅಂಕಿ 191ಕ್ಕೆ ಬಂತು. ಟಿ.ಸಿ.ಗೆ ಎಸ್ಟಿಮೇಟ್ ಕೂಡ ಆಗಿರಲಿಲ್ಲ.

ನನ್ನ ತಂಗಿಯನ್ನು ಕೊಟ್ಟಿರುವುದು ಕಾರವಾರದ ಹತ್ತಿರ. ಅಲ್ಲಿಯ ಭಾವನಿಗೆ ಇದನ್ನೆಲ್ಲ ಹೇಳಿದಾಗ, ‘ನಿಮಗೆ ಮಳೆಯೊಂದೇ ಶತ್ರು, ನಮಗೆ ಉಪ್ಪೂ ಸೇರಿ ಇಬ್ಬರು’ ಎಂದ. ಕಡಲಗಾಳಿಗೆ ಕ್ಲಾಂಪು, ಬೋಲ್ಟುಗಳು ಬೇಗ ತುಕ್ಕು ಹಿಡಿಯುತ್ತವೆ. ಇನ್ಸುಲೇಟರಿನ ಪಿಂಗಾಣಿಯ ಮೇಲೆ ಉಪ್ಪಿನ ಪದರ ಕೂತು, ಮಳೆ ಶುರುವಾಗುವ ಮೊದಲಿನ ತೇವದ ರಾತ್ರಿಗಳಲ್ಲಿ ಅದು ಒದ್ದೆಯಾದಾಗ ಇನ್ಸುಲೇಟರಿನ ಮೈಮೇಲೆಯೇ ಚಿಟಿಚಿಟಿ ಕಿಡಿ ಹರಿದಾಡುವುದನ್ನು ಅವನು ಮನೆಯ ಹಿತ್ತಲಿನಿಂದಲೇ ನೋಡುತ್ತಾನೆ. ಮೊದಲ ಜೋರು ಮಳೆ ಉಪ್ಪನ್ನು ತೊಳೆದ ಮೇಲೆ ಅದು ನಿಲ್ಲುತ್ತದಂತೆ.

ಅವನ ಇನ್ನೊಂದು ಮಾತು ಜಿಲ್ಲೆಯವರೆಲ್ಲರದ್ದು: ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕ, ಕಾಳಿಗೆ ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ, ಶರಾವತಿಗೆ ಗೇರುಸೊಪ್ಪ, ಇಷ್ಟೆಲ್ಲ ಕೊಟ್ಟ ಜಿಲ್ಲೆಗೇ ಸರಿಯಾದ ಕರೆಂಟಿಲ್ಲ. ಊರು, ತೋಟ ಮುಳುಗಿಸಿಕೊಂಡವರ ಸಿಟ್ಟು ನ್ಯಾಯದ್ದೇ. ಆದರೆ ಅಣೆಕಟ್ಟು ಹತ್ತಿರವಿದ್ದ ಮಾತ್ರಕ್ಕೆ ವೋಲ್ಟೇಜ್ ಹೆಚ್ಚು ಸಿಗುವುದಿಲ್ಲ. ಕೈಗಾದ ಕರೆಂಟು 400 ಕಿಲೋವೋಲ್ಟಿನಲ್ಲಿ ಘಟ್ಟ ಹತ್ತಿ ದೂರ ಹೋಗುವಾಗ ಕಳೆದುಕೊಳ್ಳುವುದು ಸ್ವಲ್ಪವೇ. ಅದರ ಎಷ್ಟೋ ಪಟ್ಟು ಪಾಲನ್ನು ನಮ್ಮೂರಿನ ಶಾಲೆಯಿಂದ ಹಳ್ಳದವರೆಗಿನ ತಂತಿ ನುಂಗುತ್ತಿತ್ತು.

ಟಿ.ಸಿ.ಗೆ ಎಸ್ಟಿಮೇಟ್ ಮಾಡಬೇಕಾದರೆ ನಷ್ಟ ಎಷ್ಟು ಎಂದು ಕಾಗದದಲ್ಲಿ ತೋರಿಸಬೇಕು. ತೋರಿಸಬೇಕಾದರೆ ಟಿ.ಸಿ.ಯ ಮೀಟರಿನಿಂದ ಹೊರಟ ಯೂನಿಟ್ಟಿಗೂ ಮನೆಗಳ ಮೀಟರಿನಲ್ಲಿ ಸೇರಿದ ಯೂನಿಟ್ಟಿಗೂ ತಾಳೆ ನೋಡಬೇಕು. ಕೇಳಲು ಸುಲಭ. ಕಚೇರಿಯ ಪಟ್ಟಿಯಲ್ಲಿ ನಮ್ಮ ಟಿ.ಸಿ.ಯ ಕೆಳಗೆ ಆಚೆ ಗುಡ್ಡದ ಕೇರಿಯ ಮನೆಗಳಿದ್ದವು, ನಮ್ಮ ಕೆಲವು ಮನೆಗಳು ಇನ್ನೆಲ್ಲೋ ಇದ್ದವು. ತೀರಿಹೋದವರ ಹೆಸರಿನಲ್ಲಿ ಬಿಲ್ಲು ಬರುತ್ತಿರುವ ಮನೆಗಳಂತೂ ಹೇರಳ. ಬಿಲ್ಲಿನ ಮೇಲಿರುವ ಆರ್.ಆರ್. ನಂಬರ್ ಹಿಡಿದು ಕಂಬದಿಂದ ಕಂಬಕ್ಕೆ, ಮನೆಯಿಂದ ಮನೆಗೆ ನಡೆದು, ಯಾವ ಮನೆ ಯಾವ ಕಂಬದ ಯಾವ ಫೇಸಿನಲ್ಲಿದೆ ಎಂದು ಬರೆದುಕೊಂಡೆವು. ನಷ್ಟ ಕಡಿಮೆ ಮಾಡುವುದೆಂದರೆ ಹೊಸ ಯಂತ್ರ ತರುವುದು ಎಂದುಕೊಂಡವರು ಈ ಕೆಲಸಕ್ಕೆ ಒಮ್ಮೆ ಬರಬೇಕು. ಮುಕ್ಕಾಲು ಪಾಲು ಇದು ನಾಯಿ ಬೊಗಳಿಸಿಕೊಂಡು ಮೀಟರ್ ಪೆಟ್ಟಿಗೆಯ ಕಣಜದ ಗೂಡು ತೆಗೆಯುವ ಕೆಲಸ.

2023ರ ಆಗಸ್ಟ್‌ನಿಂದ ಗೃಹಜ್ಯೋತಿ ಬಂದ ಮೇಲೆ ಸೊನ್ನೆ ಬಿಲ್ಲು ಬರುವ ಮನೆಯವರು ತಮ್ಮ ಮೀಟರಿನ ಕಡೆ ತಿರುಗಿಯೂ ನೋಡುವುದಿಲ್ಲ. ನೀರಾವರಿ ಪಂಪುಗಳಲ್ಲಿ ಬಹಳಷ್ಟಕ್ಕೆ ಮೀಟರೇ ಇಲ್ಲ. ಅವು ಇಷ್ಟು ಬಳಸಿರಬಹುದು ಎಂದು ಅಂದಾಜು ಬರೆಯುವಾಗ ನಿಜವಾದ ನಷ್ಟದ ಎಷ್ಟು ಪಾಲು ಆ ಅಂದಾಜಿನ ಹೊಟ್ಟೆಯೊಳಗೆ ಕೂರುತ್ತದೋ ಹೇಳುವುದು ಕಷ್ಟ. ನಮ್ಮ ಕೇರಿಯ ಮಟ್ಟಿಗೆ ಪಂಪಿನವರು ನೀರು ಬಿಟ್ಟ ತಾಸುಗಳನ್ನು ಬರೆದುಕೊಟ್ಟದ್ದರಿಂದ ಲೆಕ್ಕ ಕೂಡಿತು. ‘ಯಾರೋ ಕೊಕ್ಕೆ ಹಾಕುತ್ತಿದ್ದಾರೆ, ಅದಕ್ಕೇ ಹೀಗೆ’ ಎಂಬ ಗುಮಾನಿ ಎಲ್ಲರಿಗೂ ಇತ್ತು, ಪ್ರತಿ ಮನೆಯವರ ಗುಮಾನಿಯೂ ಬೇರೆ ಬೇರೆ ಮನೆಯ ಮೇಲೆ. ನಡೆದು ನೋಡಿದಾಗ ಸಿಕ್ಕದ್ದು ಹಗಲೂ ಉರಿಯುವ ಬೀದಿದೀಪಗಳು ಮಾತ್ರ.

ಎಸ್ಟಿಮೇಟಿನಲ್ಲಿ ಹೊಸ ಟಿ.ಸಿ.ಯ ಖರ್ಚನ್ನೂ ಮೇಡಂ ಎದುರಿಗೆ ಇಟ್ಟರು. ಯಾರೂ ಕರೆಂಟು ಬಳಸದ ಹೊತ್ತಿನಲ್ಲೂ ಟಿ.ಸಿ.ಯ ಕಬ್ಬಿಣದ ಒಳತಿರುಳು ಒಂದಿಷ್ಟು ತಿನ್ನುತ್ತಲೇ ಇರುತ್ತದೆ. ಅದನ್ನು 100 ವ್ಯಾಟ್ ಎಂದಿಟ್ಟುಕೊಂಡರೂ ವರ್ಷಕ್ಕೆ 876 ಯೂನಿಟ್. ಮನೆಗೊಂದು ಟಿ.ಸಿ. ಎಂದು ಹೊರಟರೆ ತಂತಿಯಲ್ಲಿ ಉಳಿಸಿದ್ದನ್ನು ಟಿ.ಸಿ.ಗಳೇ ತಿಂದು ಮುಗಿಸುತ್ತವೆ. ನಮ್ಮಲ್ಲಿ ಎರಡು ಸರಿ, ಮೂರನೆಯದು ದಂಡ ಎಂದು ಲೆಕ್ಕ ಹೇಳಿತು.

ಹೆಚ್ಚು ಜಗ್ಗಾಟವಾದದ್ದು ದಾರಿಯ ವಿಷಯಕ್ಕೆ. 11 ಕೆ.ವಿ. ಲೈನಿಗೆ ಹತ್ತಿರದ ದಾರಿ ಸೊಪ್ಪಿನ ಬೆಟ್ಟದಲ್ಲಿ. ಅಲ್ಲಿ ಮರ ಕಡಿಯಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಇನ್ನೊಂದು ದಾರಿ ನಡುವಿನಮನೆಯವರ ತೋಟದ ಮೇಲೆ. ಅವರು ಕಡ್ಡಿ ಮುರಿದಂತೆ ಆಗುವುದಿಲ್ಲ ಎಂದರು. ಊರಿನ ಕೆಲವರು ಅವರನ್ನು ಸ್ವಾರ್ಥಿ ಎಂದರು, ನಾನು ಅನ್ನಲಿಲ್ಲ. ಈಗ ಅಡಿಕೆ ಗೊನೆ ಕೊಯ್ಯುವ ಕೊನೆಗೌಡರು ಮರ ಹತ್ತುವುದಕ್ಕಿಂತ ನೆಲದ ಮೇಲೆ ನಿಂತೇ ಕಾರ್ಬನ್ ಫೈಬರಿನ ಉದ್ದ ದೋಟಿಯಲ್ಲಿ ಕೊನೆ ಇಳಿಸುವುದು ಹೆಚ್ಚು. ಹಗುರ ಎಂದು ಎಲ್ಲರಿಗೂ ಮೆಚ್ಚು, ಆದರೆ ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಸುತ್ತದೆ. ಐವತ್ತು ಅರವತ್ತು ಅಡಿಯ ದೋಟಿ ಒಮ್ಮೆ ವಾಲಿ 11 ಕೆ.ವಿ. ತಂತಿಗೆ ತಾಗಿದರೆ ಮುಗಿಯಿತು. ಅಂಥ ಸಾವುಗಳ ಸುದ್ದಿ ಓದಿದ ಯಾವ ತೋಟಿಗನೂ ತನ್ನ ತೋಟದ ಮೇಲೆ ಎಚ್.ಟಿ. ಲೈನು ಒಪ್ಪುವುದಿಲ್ಲ. ಕೊನೆಗೆ ರಸ್ತೆಯ ಅಂಚಿನಲ್ಲೇ ಸುತ್ತು ಹಾಕಿ ಒಯ್ಯುವುದೆಂದಾಯಿತು. ಕಂಬ ಹೆಚ್ಚಾದವು, ಎಸ್ಟಿಮೇಟ್ ಏರಿತು, ಮಂಜೂರಾತಿ ಒಂದು ಮಳೆಗಾಲ ಹಿಂದೆ ಬಿತ್ತು.

ಕಂಬ ನೆಡುವುದು, ತಂತಿ ಎಳೆಯುವುದು ಎಲ್ಲ ಕಡೆ ಆಗುವಂತೆಯೇ ಆಯಿತು. ಕೆರೆಯ ಮೇಲಿನ ದಿಬ್ಬದಲ್ಲಿ ಟಿ.ಸಿ. ಕೂರಿಸಿ, ಗುಂಡಿಗೆ ಇದ್ದಿಲು, ಉಪ್ಪು ತುಂಬಿ ಅರ್ಥಿಂಗ್ ಮಾಡಿದರು. ಹಳೆಯ ಎಲ್.ಟಿ. ಲೈನನ್ನು ನಡುವಿನಮನೆಯ ಕೆಳಗಿನ ಕಂಬದಲ್ಲಿ ಕತ್ತರಿಸಿ, ಅಲ್ಲಿಂದಾಚೆಯ ಮನೆ, ಪಂಪುಗಳನ್ನು ಹೊಸದಕ್ಕೆ ಕೊಟ್ಟರು. ಚಾರ್ಜ್ ಮಾಡಿದ ಸಂಜೆ ಏಳೂವರೆಗೆ ವಾಟ್ಸ್‌ಆ್ಯಪ್‌ನಲ್ಲಿ ಕೊನೆಮನೆಯ ಫೋಟೋ ಬಂತು: 224. ಮೇಲಿನಮನೆಯವರ ಅಂಕಿಯೂ ಹೆಚ್ಚಿದ್ದನ್ನು ಕಂಡು ಅವರಿಗೇ ಆಶ್ಚರ್ಯ. ತಮಗೆ ತೊಂದರೆಯೇ ಇರಲಿಲ್ಲ ಎಂದು ಅಲ್ಲಿಯವರೆಗೆ ತಿಳಿದಿದ್ದರು.

ಉಳಿದಿರುವುದು ಕೆಪಾಸಿಟರಿನ ತಂಟೆ. ಪಂಪಿನ ಮೋಟಾರು ಕೆಲಸಕ್ಕೆ ಬಾರದ ಒಂದಿಷ್ಟು ಆಂಪಿಯರನ್ನು ಸುಮ್ಮನೆ ಹಿಂದೆ ಮುಂದೆ ಓಡಾಡಿಸುತ್ತಿರುತ್ತದೆ. ಪವರ್ ಫ್ಯಾಕ್ಟರ್ ಕಡಿಮೆ ಎನ್ನುವುದು ಅದನ್ನೇ. ಸ್ಟಾರ್ಟರಿನಾಚೆ, ಮೋಟಾರಿನ ತುದಿಗಳಿಗೆ ಸರಿಯಾದ ಅಳತೆಯ ಕೆಪಾಸಿಟರ್ ಕಟ್ಟಿದರೆ ಅದು 0.8ರಿಂದ 0.95ಕ್ಕೆ ಏರೀತು. ಹಾಗಾದರೆ ಆ ಪಂಪಿನಿಂದಾಗುವ ತಂತಿಯ ನಷ್ಟ ಶೇ. 29ರಷ್ಟು ಇಳಿಯುತ್ತದೆ. ಆದರೆ ಪಂಪಿನವನ ಬಿಲ್ಲಿನಲ್ಲಿ ಅದರಿಂದ ಒಂದು ಪೈಸೆಯೂ ಉಳಿಯುವುದಿಲ್ಲ, ಉಳಿತಾಯವೆಲ್ಲ ಲೈನಿನದು. ಭಾವ ಹಾಕಿಸಿದ್ದಾನೆ, ನಾನೂ ಹಾಕಿಸಿದ್ದೇನೆ. ಕೆರೆಮನೆ ಅಜ್ಜ, ‘ಕಂಪನಿಗೆ ಉಳಿಯುವುದಾದರೆ ಕಂಪನಿಯೇ ತಂದು ಕಟ್ಟಲಿ, ಬೇಕಾದರೆ ನಾನು ಕೂತು ನೋಡಿಕೊಳ್ಳುತ್ತೇನೆ’ ಎನ್ನುತ್ತಿದ್ದಾರೆ. ಸೊಸೈಟಿಯ ಮುಂದಿನ ಸಭೆಯಲ್ಲಿ, ಗೊಬ್ಬರ ತರಿಸುವಾಗ ಕೆಪಾಸಿಟರನ್ನೂ ಒಟ್ಟಿಗೆ ತರಿಸಿ ಅರ್ಧ ಬೆಲೆಗೆ ಕೊಡುವ ವಿಷಯ ಇಟ್ಟಿದ್ದೇವೆ. ಅಜ್ಜ ಆ ಸಭೆಗೆ ಬರುವುದಾಗಿ ಹೇಳಿದ್ದಾರೆ, ಯಾವ ಪಕ್ಷದಲ್ಲಿ ಮಾತಾಡುತ್ತಾರೋ ಇನ್ನೂ ಹೇಳಿಲ್ಲ.